ಈಜುಕೊಳ ಹಸಿರಾದದ್ದು ಏಕೆ?

2016ರ ಆಗಸ್ಟ್ 9. ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದವು. ಹಿಂದಿನ ದಿನ ತಿಳಿನೀಲಿಯಾಗಿದ್ದ ಡೈವಿಂಗ್ ಕೊಳದ ನೀರು ಅಂದು ಹಚ್ಚಹಸಿರು! ಮರುದಿನ ಪಕ್ಕದ ವಾಟರ್‌ಪೋಲೊ ಕೊಳವೂ ಹಸಿರಾಗತೊಡಗಿತು. ಆಗಸ್ಟ್ 5ರಂದು ಯಾರೋ ತಪ್ಪಾಗಿ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದದ್ದೇ ಕಾರಣವೆಂದು ಸಂಘಟಕರು ತಿಳಿಸಿದರು.

ಕ್ಲೋರಿನ್ ಕ್ರಿಮಿನಾಶಕ; ಪೆರಾಕ್ಸೈಡ್ ಕೂಡ ಕ್ರಿಮಿನಾಶಕವೇ. ಎರಡೂ ಸೇರಿದರೆ ಬಲ ಇಮ್ಮಡಿಯಾಗಬೇಕಲ್ಲವೆ? ಇಲ್ಲ. ಅವು ಪರಸ್ಪರ ವರ್ತಿಸಿ ಆಮ್ಲಜನಕ, ನೀರು ಮತ್ತು ಕ್ಲೋರೈಡ್ ಆಗಿಬಿಡುತ್ತವೆ. ಅಡುಗೆ ಉಪ್ಪಿನಲ್ಲಿರುವುದೂ ಇದೇ ಕ್ಲೋರೈಡ್. ಅದು ಪಾಚಿಯನ್ನು ಕೊಲ್ಲಲಾರದು. ಕಾವಲುಗಾರನಿಲ್ಲದ ತೋಟಕ್ಕೆ ದನ ನುಗ್ಗಿದಂತೆ ಪಾಚಿ ಹಬ್ಬಿತು.

ಮನೆಯ ಈಜುಕೊಳಕ್ಕೂ ಇದೇ ನಿಯಮ. ಕ್ಲೋರಿನ್ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಜೀವಕೋಶದೊಳಕ್ಕೆ ಹೊಕ್ಕು ಕೊಲ್ಲುವುದು ಮುಖ್ಯವಾಗಿ ಈ ಆಮ್ಲವೇ. ನೀರಿನ ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಸುಮಾರು ಅರ್ಧಭಾಗ ಈ ರೂಪದಲ್ಲಿರುತ್ತದೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಭಾಗ ಮಾತ್ರ. ಆದ್ದರಿಂದ ಮೊದಲು ಪಿಎಚ್ ಅನ್ನು 7.2ರಿಂದ 7.8ರೊಳಗೆ ತರಬೇಕು. ಅನಂತರ ಕ್ಲೋರಿನ್.

ಒಂದು ಲೆಕ್ಕ ನೋಡಿ. ಲೀಟರಿಗೆ 2 ಮಿಲಿಗ್ರಾಂ ಬೇಕೆಂದರೆ 50,000 ಲೀಟರಿಗೆ 100 ಗ್ರಾಂ ಕ್ಲೋರಿನ್ ಸಾಕು. ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇದ್ದರೆ 300 ಗ್ರಾಂ ಪುಡಿ ಬೇಕು. ಇದು ದಿನನಿತ್ಯದ ಪ್ರಮಾಣ. ಪಾಚಿ ಬೆಳೆದ ಮೇಲೆ ಇದರ ಹಲವು ಪಟ್ಟು ಬೇಕಾಗುತ್ತದೆ. ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ, ಕ್ಲೋರಿನ್ ಹಾಕಿ, ನೀರು ತಿಳಿಯಾಗುವವರೆಗೆ ಫಿಲ್ಟರ್ ನಡೆಸಬೇಕು. ಬಿಸಿಲಿನಲ್ಲಿ ಕ್ಲೋರಿನ್ ಬೇಗ ನಾಶವಾಗುವುದರಿಂದ ಸಂಜೆಯ ಹೊತ್ತು ಉತ್ತಮ. ಕ್ಲೋರಿನ್ ಮತ್ತೆ 3 ಮಿಲಿಗ್ರಾಂಗೆ ಇಳಿಯುವವರೆಗೆ ಯಾರೂ ಕೊಳಕ್ಕೆ ಇಳಿಯಬಾರದು.

ಒಂದು ಎಚ್ಚರಿಕೆ: ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಎಂದಿಗೂ ಬೆರೆಸಬಾರದು. ಹೊರಬರುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಈ ಕೆಲಸ ಮಕ್ಕಳದಲ್ಲ, ದೊಡ್ಡವರದು.

ರಿಯೊದಲ್ಲಿ ವಾಟರ್‌ಪೋಲೊ ಕೊಳವನ್ನು ಕೊನೆಗೆ ಬರಿದು ಮಾಡಿ, ಅಭ್ಯಾಸದ ಕೊಳದಿಂದ ಸುಮಾರು 37 ಲಕ್ಷ ಲೀಟರ್ ನೀರು ತುಂಬಿಸಿದರು. ಅಲ್ಲಿ ನಡೆಯಬೇಕಿದ್ದ ಸಮೂಹ ಈಜಿನಲ್ಲಿ ಸ್ಪರ್ಧಿಗಳು ನೀರೊಳಗೆ ಒಬ್ಬರಿಗೊಬ್ಬರು ಕಾಣಬೇಕಿತ್ತು. ಮನೆಯಲ್ಲಿ ಕಾಣಬೇಕಾದದ್ದು ಇನ್ನೂ ಮುಖ್ಯವಾದದ್ದು. ಕೊಳದ ತಳ ಸ್ಪಷ್ಟವಾಗಿ ಕಾಣದಿದ್ದರೆ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಮುಳುಗುತ್ತಿರುವ ಮಗುವೂ ಅಲ್ಲಿ ಕಾಣುವುದಿಲ್ಲ.