ಪಶುಪತಿನಾಥನ ನಾಡಿಗೆ ಹೊರಡುವ ಮುನ್ನ



ಹೇಮಗುಡ್ಡದಲ್ಲಿ ದುರ್ಗಾಪರಮೇಶ್ವರಿಯ ದಸರಾ ಉತ್ಸವ ಮುಗಿದು, ಬನ್ನಿ ಹಂಚಿಕೊಂಡು ಹಿರಿಯರು ಕಟ್ಟೆಯ ಮೇಲೆ ಕುಳಿತಾಗ ಯಾತ್ರೆಯ ಮಾತು ಬಂದೇ ಬರುತ್ತದೆ. ಕಾಶಿಯಾಯಿತು, ಕೇದಾರವಾಯಿತು, ಒಮ್ಮೆ ನೇಪಾಳಕ್ಕೆ ಹೋಗಿ ಪಶುಪತಿನಾಥನನ್ನೂ ಕಂಡು ಬರಬೇಕೆಂಬ ಆಸೆ ಅನೇಕರದು. ಹೆಚ್ಚು ಖರ್ಚಿಲ್ಲದೆ, ವಯಸ್ಸಾದ ತಂದೆತಾಯಿಗಳನ್ನು ಸುರಕ್ಷಿತವಾಗಿ ಕರೆದುಕೊಂಡು ಹೋಗಿ ಬರುವುದು ಹೇಗೆಂದು ಕೇಳುವವರೂ ಬಹಳ. ಅವರಿಗಾಗಿ ಈ ತಿಂಗಳ ಬರಹ.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಕಿಲ್ಲ. ಹಿಂದಿ ನಡೆಯುತ್ತದೆ, ಅನ್ನ–ಬೇಳೆಯ ಊಟ ದೊರೆಯುತ್ತದೆ. ಪಶುಪತಿನಾಥನ ಪ್ರಧಾನ ಅರ್ಚಕರು ನಮ್ಮ ಕರ್ನಾಟಕದಿಂದ ಹೋದವರು. ಭಕ್ತಪುರದಲ್ಲಿ ಜಂಗಮ ಮಠವೂ ಉಂಟು. ಇದನ್ನೆಲ್ಲ ಕೇಳಿದಾಗ ಪರದೇಶವೆಂಬ ಭಾವನೆಯೇ ಬರುವುದಿಲ್ಲ. ಶ್ರೀಶೈಲಕ್ಕೆ ಹೊರಟಷ್ಟೇ ಸಲೀಸಾಗಿ ಹೊರಟುಬಿಡುತ್ತೇವೆ. ತೊಂದರೆ ಆರಂಭವಾಗುವುದೇ ಅಲ್ಲಿ. ನನ್ನದೇ ಅನುಭವವೊಂದನ್ನು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾವು ಹನ್ನೊಂದು ಜನ ಹೊರಟಿದ್ದೆವು. ಜೊತೆಯಲ್ಲಿ ಅರವತ್ತೆರಡು ವರ್ಷದ ನಮ್ಮ ಸೋದರತ್ತೆ. ಪಶುಪತಿನಾಥನ ದರ್ಶನ ಸುಗಮವಾಗಿ ಆಯಿತು. ಮುಂದೆ ಪೋಖರಾದಿಂದ ಮುಕ್ತಿನಾಥಕ್ಕೆ ಹೋಗುವಾಗ ಪ್ರವಾಸದ ವ್ಯವಸ್ಥೆ ವಹಿಸಿಕೊಂಡಿದ್ದವನು, "ದಾರಿಯಲ್ಲಿ ತಂಗುವ ಖರ್ಚು ಉಳಿಯುತ್ತದೆ, ಒಂದೇ ದಿನದಲ್ಲಿ ಏರಿಬಿಡೋಣ" ಎಂದ. ನಾವೂ ತಲೆಯಾಡಿಸಿದೆವು. ಪೋಖರಾ ಸಮುದ್ರಮಟ್ಟದಿಂದ 800 ಮೀಟರಿನ ಆಸುಪಾಸಿನಲ್ಲಿದೆ. ಮುಕ್ತಿನಾಥ 3,700 ಮೀಟರಿಗೂ ಮೇಲೆ. ಸಂಜೆಯ ಹೊತ್ತಿಗೆ ಅತ್ತೆಗೆ ತಡೆಯಲಾಗದ ತಲೆನೋವು, ವಾಂತಿ, ನಡೆದರೆ ಜೋಲಿ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಎಲ್ಲಿಯೂ ಕೂಡದೆ ಹತ್ತಿದ ಹೆಣ್ಣುಮಗಳು ಗೋಡೆ ಹಿಡಿದು ನಿಂತುಬಿಟ್ಟರು. "ತಮ್ಮಾ, ದೇವರಿಗೆ ಇಲ್ಲಿಂದಾನೇ ಕೈ ಮುಗೀತೀನಿ, ನನ್ನ ಕೆಳಗ ಕರಕೊಂಡು ನಡಿ" ಎಂದರು. ಗುಡಿ ಕಣ್ಣಳತೆಯಲ್ಲಿದ್ದರೂ ದರ್ಶನವಿಲ್ಲದೆ ಇಳಿದೆವು. ಕೆಳಗಿಳಿದಂತೆ ಉಸಿರು ಸರಿಹೋಯಿತು, ಜೀವ ಉಳಿಯಿತು. ಆದರೆ ಒಂದು ರಾತ್ರಿಯ ವಸತಿಯಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹಣ ಜೀಪಿಗೂ ಆಸ್ಪತ್ರೆಗೂ ಹೋಯಿತು. ಆ ದರ್ಶನವು ಅತ್ತೆಯವರ ಪಾಲಿಗೆ ಮತ್ತೆ ಕೂಡಿಬರಲಿಲ್ಲ.

ಅಂದು ಕಲಿತ ಪಾಠವಿಷ್ಟೇ: ನೇಪಾಳದ ಯಾತ್ರೆಯಲ್ಲಿ ದುಬಾರಿಯಾದುದು ಅವಸರ. ಸಾವಧಾನವಾಗಿ ಹೋದವನಿಗೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ.

ಕಾಗದಪತ್ರಗಳು

ಪಾಸ್‌ಪೋರ್ಟ್ ಇಲ್ಲವಾದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ಆದರೆ ಮೂಲ ಚೀಟಿಯೇ ಬೇಕು, ನೆರಳಚ್ಚು ಪ್ರತಿ ನಡೆಯದು. ಆಧಾರ್ ಒಂದನ್ನೇ ನಂಬಿ ಹೋಗಿ ವಿಮಾನ ನಿಲ್ದಾಣದಿಂದ ಹಿಂದಿರುಗಿದವರು ಅನೇಕರಿದ್ದಾರೆ. ಹದಿನೈದಕ್ಕಿಂತ ಚಿಕ್ಕವರಿಗೂ ಅರವತ್ತೈದು ದಾಟಿದವರಿಗೂ ವಯಸ್ಸು ಮತ್ತು ಗುರುತನ್ನು ತೋರಿಸುವ ಭಾವಚಿತ್ರವುಳ್ಳ ಬೇರೆ ದಾಖಲೆಗಳು ನಡೆಯುತ್ತವೆ. ಹದಿನೈದರಿಂದ ಹದಿನೆಂಟರ ಮಕ್ಕಳಿಗೆ ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯ ಗುರುತಿನ ಪತ್ರ ಪಡೆಯಬಹುದು. ಚೀಟಿಯಲ್ಲಿ ಹೆಸರು, ವಯಸ್ಸು ತಪ್ಪಾಗಿದ್ದರೆ ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ತಿದ್ದಿಸಿಕೊಳ್ಳಿರಿ.

ಹೋಗುವ ದಾರಿ

ಕಡಿಮೆ ಖರ್ಚಿನ ದಾರಿ ರೈಲಿನದು. ಹೈದರಾಬಾದಿನ ಕಡೆಯಿಂದ ಗೋರಖಪುರಕ್ಕೂ ರಕ್ಸೌಲಿಗೂ ನೇರ ರೈಲುಗಳಿವೆ. ಗೋರಖಪುರದಿಂದ ಸುಮಾರು ನೂರು ಕಿಲೋಮೀಟರಿನಲ್ಲಿ ಸುನೌಲಿ ಗಡಿ. ರಕ್ಸೌಲಿನ ಆಚೆ ನೇಪಾಳದ ಬೀರ್‌ಗಂಜ್. ಹುಬ್ಬಳ್ಳಿಯ ಮೂಲಕ ಸಾಗುವ ರೈಲಿನಲ್ಲಿ ಕಾಶಿಗೆ ಹೋಗಿ, ಜಂಗಮವಾಡಿ ಮಠದಲ್ಲಿ ಎರಡು ದಿನ ತಂಗಿ, ದಣಿವಾರಿಸಿಕೊಂಡು ಮುಂದುವರಿಯುವುದು ಹಿರಿಯರಿಗೆ ಹಿತ. ಸುನೌಲಿ ದಾಟಿದರೆ ಬುದ್ಧನು ಹುಟ್ಟಿದ ಲುಂಬಿನಿಯೂ ಸಮೀಪವೇ.

ನಮ್ಮೂರಿನಿಂದಲೇ ವಾಹನ ಮಾಡಿಕೊಂಡು ಹೋಗುವವರು ಗಡಿಯಲ್ಲಿ "ಭನ್ಸಾರ್" ಎಂಬ ಸುಂಕದ ಚೀಟಿ ಮಾಡಿಸಬೇಕು. ನೇಪಾಳದಲ್ಲಿರುವ ಪ್ರತಿ ದಿನಕ್ಕೂ ಹಣ ಕಟ್ಟಬೇಕು. ಗುಡ್ಡಗಾಡಿನ ರಸ್ತೆಯ ರೂಢಿಯಿಲ್ಲದ ಚಾಲಕನನ್ನು ನಂಬುವುದಕ್ಕಿಂತ ಅಲ್ಲಿಯ ವಾಹನ, ಅಲ್ಲಿಯ ಚಾಲಕನೇ ಲೇಸು.

ಯಾವಾಗ ಹೋಗಬೇಕು

ಮಳೆಗಾಲ ಬೇಡವೇ ಬೇಡ. 2024ರ ಜುಲೈ ತಿಂಗಳಿನಲ್ಲಿ ನಸುಕಿನ ಹೊತ್ತು ಗುಡ್ಡ ಕುಸಿದು, ಅರವತ್ತಕ್ಕೂ ಹೆಚ್ಚು ಪ್ರಯಾಣಿಕರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದವು. ಮರು ತಿಂಗಳೇ ಪೋಖರಾದಿಂದ ಕಾಠ್ಮಂಡುವಿಗೆ ಹೊರಟಿದ್ದ ಬಸ್ಸು ಮರ್ಸ್ಯಾಂಗ್ದಿ ನದಿಗೆ ಉರುಳಿ ಮಹಾರಾಷ್ಟ್ರದ ಯಾತ್ರಿಕರು ಸೇರಿದಂತೆ 27 ಜನ ತೀರಿಕೊಂಡರು. ಆದುದರಿಂದ ಗುಡ್ಡದ ರಸ್ತೆಯಲ್ಲಿ ಬೆಳಕು ಹರಿದ ಮೇಲೆ ಹೊರಡಿರಿ, ಕತ್ತಲಾಗುವ ಮುನ್ನ ತಂಗಿರಿ. ರಾತ್ರಿ ಬಸ್ಸಿನಿಂದ ಒಂದು ದಿನದ ವಸತಿ ಉಳಿಯುತ್ತದೆಂಬ ಲೆಕ್ಕವನ್ನು ಕೈಬಿಡಿರಿ.

ಅಕ್ಟೋಬರ್–ನವೆಂಬರಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಹಿಮಗಿರಿಗಳು ಕಾಣುತ್ತವೆ. ಆದರೆ ನಮ್ಮ ದಸರಾ ಅಲ್ಲಿ "ದಶೈಂ". ಊರೂರಿಗೆ ಮರಳುವ ಜನರಿಂದ ಬಸ್ಸುಗಳು ತುಂಬಿ, ಅಂಗಡಿಗಳು ಮುಚ್ಚಿರುತ್ತವೆ. ಆ ಹದಿನೈದು ದಿನ ನಮ್ಮ ಹೇಮಗುಡ್ಡದ ಅಂಬಾರಿಯನ್ನೇ ನೋಡಿರಿ! ಗಂಗಾವತಿ ಭಾಗದ ಭತ್ತದ ರೈತರಿಗೆ ಕಾರ್ತೀಕದಲ್ಲಿ ಸುಗ್ಗಿಯ ಕೆಲಸವಿರುತ್ತದೆ. ಅಂಥವರಿಗೆ ಶಿವರಾತ್ರಿಯ ಜನಜಂಗುಳಿ ಕರಗಿದ ಮೇಲಿನ ಮಾರ್ಚ್ ತಿಂಗಳು ಅನುಕೂಲ.

ಹಣದ ವಿಚಾರ

1993ರಿಂದಲೂ ನಮ್ಮ ನೂರು ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ ಬದಲಾಗಿಲ್ಲ. ಬೆಲೆ ಕೇಳುವಾಗ "ಐಸಿಯೋ, ಎನ್‌ಸಿಯೋ" ಎಂದು ಕೇಳಲು ಮರೆಯಬೇಡಿರಿ. ಐಸಿ ಎಂದರೆ ಭಾರತದ ಹಣ, ಎನ್‌ಸಿ ಎಂದರೆ ಅಲ್ಲಿಯದು. ಇದೊಂದು ಪ್ರಶ್ನೆಯನ್ನು ಕೇಳದೆ ಕಳೆದುಕೊಂಡ ಹಣ ಅಷ್ಟಿಷ್ಟಲ್ಲ. ದೊಡ್ಡ ನೋಟುಗಳ ನಿಯಮ ಹಲವು ಬಾರಿ ಬದಲಾಗಿದೆ. ನೂರರ ನೋಟುಗಳನ್ನೇ ಹೆಚ್ಚಾಗಿ ಇಟ್ಟುಕೊಂಡು, ಗಡಿಯ ಅಧಿಕೃತ ವಿನಿಮಯ ಕೇಂದ್ರದಲ್ಲಿ ಬದಲಾಯಿಸಿಕೊಂಡು ರಸೀದಿ ಪಡೆಯಿರಿ. 2024ರಿಂದ ನಮ್ಮ ಯುಪಿಐ ಮೂಲಕ ಅಲ್ಲಿಯ ಅನೇಕ ಅಂಗಡಿಗಳಲ್ಲಿ ಹಣ ಕೊಡಬಹುದಾಗಿದೆ, ಆದರೂ ಗುಡ್ಡದ ಮೇಲೆ ಅದನ್ನೇ ನೆಚ್ಚಬಾರದು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ದಿನದ ಒಂದು ಹೊತ್ತಿನ ಊಟದ ಖರ್ಚು ಉಳಿಯುತ್ತದೆ. ಉಳಿತಾಯ ಮಾಡಬೇಕಾದುದು ಇಲ್ಲಿ, ವಿಶ್ರಾಂತಿಯಲ್ಲಲ್ಲ.

ಎತ್ತರ ಮತ್ತು ಆರೋಗ್ಯ

ಕಾಠ್ಮಂಡು, ಪೋಖರಾಗಳಲ್ಲಿ ಎತ್ತರದ ಭಯವಿಲ್ಲ. ಮುಕ್ತಿನಾಥಕ್ಕೆ ಹೋಗುವವರು ಮಾತ್ರ ಜೋಮ್‌ಸೋಮ್ ಅಥವಾ ಕಾಗ್ಬೇನಿಯಲ್ಲಿ ಕಡ್ಡಾಯವಾಗಿ ತಂಗಿ, ಮರುದಿನ ಏರಬೇಕು. ಹೆಚ್ಚು ನೀರು ಕುಡಿಯಿರಿ, ಮೆಲ್ಲಗೆ ನಡೆಯಿರಿ. ತಲೆನೋವು, ವಾಕರಿಕೆ ಕಂಡರೆ ಮತ್ತೆ ಏರಬಾರದು. ಹೆಚ್ಚಾದರೆ ತಡಮಾಡದೆ ಇಳಿಯುವುದೇ ಮೊದಲ ಔಷಧ. ಇದಕ್ಕೂ ದೇಹದ ಕಸುವಿಗೂ ಸಂಬಂಧವಿಲ್ಲ, ಹೊಲದಲ್ಲಿ ದುಡಿದ ಗಟ್ಟಿಮುಟ್ಟಾದ ಯುವಕನಿಗೂ ಬರಬಹುದು. ಹೃದ್ರೋಗ, ದಮ್ಮು, ರಕ್ತದೊತ್ತಡ ಉಳ್ಳವರು ಊರಿನಲ್ಲಿಯೇ ವೈದ್ಯರ ಅಭಿಪ್ರಾಯ ಪಡೆಯಲಿ.

ಇನ್ನು ಕೆಲವು ಮಾತು

2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಗಲಭೆಯೆದ್ದು ವಿಮಾನ ನಿಲ್ದಾಣ ಮುಚ್ಚಿದಾಗ ಭಾರತೀಯ ಯಾತ್ರಿಕರೂ ಸಿಕ್ಕಿಬಿದ್ದರು. ಅಂಥ ಹೊತ್ತಿಗೆಂದು ಎರಡು ದಿನದ ಹಣವನ್ನೂ ಔಷಧಿಯನ್ನೂ ಹೆಚ್ಚಾಗಿ ಇಟ್ಟುಕೊಳ್ಳಿರಿ. ಪೊಲೀಸರಿಗೆ 100, ಆಂಬ್ಯುಲೆನ್ಸಿಗೆ 102, ಪ್ರವಾಸಿ ಪೊಲೀಸರಿಗೆ 1144 ಎಂಬ ಸಂಖ್ಯೆಗಳನ್ನು ಪ್ರತಿಯೊಬ್ಬರ ಜೇಬಿನಲ್ಲೂ ಬರೆದಿಡಿರಿ. ಅಪರಿಚಿತರ ಗಂಟನ್ನು ಗಡಿ ದಾಟಿಸಲು ಒಪ್ಪಬೇಡಿರಿ. ಪಶುಪತಿನಾಥನ ಗುಡಿಯೊಳಗೆ ಚರ್ಮದ ವಸ್ತುಗಳಿಗೂ ಛಾಯಾಚಿತ್ರಕ್ಕೂ ಅವಕಾಶವಿಲ್ಲ. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟುಕೊಳ್ಳಿರಿ, ಇಲ್ಲವಾದರೆ ಬೆಳಗಿನ ಬಸ್ಸು ತಪ್ಪೀತು.

ಪ್ರವಾಸದವರು ಪಟ್ಟಿ ತಂದು ತೋರಿಸಿದಾಗ ಎಷ್ಟು ಊರುಗಳನ್ನು ತೋರಿಸುತ್ತಾರೆಂದು ಎಣಿಸಬೇಡಿರಿ. ಎಷ್ಟು ರಾತ್ರಿ ನೆಮ್ಮದಿಯಾಗಿ ಮಲಗಿಸುತ್ತಾರೆಂದು ಎಣಿಸಿರಿ. ಎರಡು ಊರು ಬಿಟ್ಟರೂ ಚಿಂತೆಯಿಲ್ಲ, ಹೋದವರೆಲ್ಲರೂ ಮನೆಗೆ ಮರಳಬೇಕು. ನಮ್ಮ ಅತ್ತೆಯವರಿಗೆ ನಾವು ಕೊಡದೆ ಹೋದ ಆ ಒಂದು ದಿನವನ್ನು ನಿಮ್ಮ ಹಿರಿಯರಿಗೆ ನೀವು ಕೊಡಿರಿ.

ನಿಮ್ಮ ಯಾತ್ರೆ ಸುಖಕರವಾಗಲಿ. ಶರಣು.