ಗಿರಿಚಿತ್ರಗಳಲ್ಲಿ ಕಾಣದವರು

ಪರ್ವತಗಳ ಛಾಯಾಚಿತ್ರಗಳಿಗೆ ವಿದ್ಯಾವಂತರ ಮನೆಗಳಲ್ಲಿ ದೊರೆಯುತ್ತಿರುವ ಮನ್ನಣೆ ದಿನದಿನಕ್ಕೆ ಹೆಚ್ಚುತ್ತಿದೆ. ರಜಾಕಾಲದಲ್ಲಿ ಹಿಮಾಲಯಕ್ಕೆ ಚಾರಣ ಹೋಗಿಬಂದ ತರುಣರು ಕಿಸೆಯ ಫೋನಿನಿಂದಲೇ ತೆಗೆದ ನೂರಾರು ಚಿತ್ರಗಳನ್ನು ಹಿರಿಯರ ಮುಂದೆ ಹಿಡಿಯುತ್ತಾರೆ. ಅವುಗಳಲ್ಲಿ ಹಿಮವುಂಟು, ಬಂಡೆಯುಂಟು, ಸರೋವರದಲ್ಲಿ ಮೂಡಿದ ಶಿಖರದ ನೆರಳುಂಟು. ಮನುಷ್ಯರ ಸುಳಿವು ಮಾತ್ರ ಇಲ್ಲ. “ಎಂತಹ ನಿರ್ಜನ ಪ್ರದೇಶ!” ಎಂದು ನೋಡಿದವರು ಬೆರಗಾಗುತ್ತಾರೆ. ತೆಗೆದವರಿಗೂ ಬೇಕಾದುದು ಆ ಮಾತೇ. ಆದರೆ ಆ ಚಿತ್ರದ ಅಂಚಿನಿಂದ ನಾಲ್ಕು ಮಾರು ಆಚೆಗೆ ಡೇರೆಯನ್ನು ಹೊತ್ತು ತಂದವನು, ಹೇಸರಗತ್ತೆಯನ್ನು ಹೊಡೆದುಕೊಂಡು ಬಂದವನು, ನಸುಕಿಗೆ ಮುಂಚೆ ಎದ್ದು ಚಹಾ ಕಾಸಿಕೊಟ್ಟವನು ನಿಂತಿರುತ್ತಾರೆ. ಅವರನ್ನು ಪಕ್ಕಕ್ಕೆ ಸರಿಸಿದ ಮೇಲೆ ಪ್ರದೇಶವು ನಿರ್ಜನವಾಗುತ್ತದೆ. ಇದಕ್ಕೆ ಪ್ರಕೃತಿಸೌಂದರ್ಯದ ಉಪಾಸನೆಯೆಂದು ಹೆಸರು!

ಈ ವಾಡಿಕೆ ಇಂದು ನಿನ್ನೆಯದಲ್ಲ. ಹಿಮಾಲಯದ ಛಾಯಾಚಿತ್ರಗಾರರ ಮೊದಲ ತಲೆಮಾರಿನಲ್ಲಿ ಪ್ರಸಿದ್ಧನಾದ ಸ್ಯಾಮ್ಯುಯಲ್ ಬೋರ್ನ್ ಎಂಬವನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದು, ಆ ಕೆಲಸವನ್ನು ಬಿಟ್ಟು 1863ರಲ್ಲಿ ಹಿಂದೂದೇಶಕ್ಕೆ ಬಂದವನು. ಅದೇ ವರ್ಷದ ಜುಲೈ 29ರಂದು ಸಿಮ್ಲಾದಿಂದ ಸಟ್ಲೆಜ್ ನದಿಯ ಮೇಲ್ಸೀಮೆಗೆ ಹೊರಟನು. ಜೊತೆಯಲ್ಲಿ ಸುಮಾರು 30 ಮಂದಿ ಹೊರೆಯಾಳುಗಳು. ಹತ್ತು ವಾರಗಳ ತರುವಾಯ 147 ನೆಗೆಟಿವ್‌ಗಳೊಡನೆ ಹಿಂದಿರುಗಿದನು. ಅಷ್ಟು ಆಳುಗಳು ಏಕೆ ಬೇಕಾಗಿದ್ದರೆಂಬುದು ಆ ಕಾಲದ ವಿಧಾನವನ್ನು ಬಲ್ಲವರಿಗೆ ತಿಳಿದೀತು. ಗನ್‌ಕಾಟನ್ನನ್ನು ಈಥರ್ ಮತ್ತು ಮದ್ಯಸಾರಗಳಲ್ಲಿ ಕರಗಿಸಿ ಮಾಡಿದ ಕಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಹಲಗೆಯ ಮೇಲೆ ಹರಡಿ, ಅದನ್ನು ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿ ಆರುವುದರೊಳಗೆ ಕ್ಯಾಮರಾದಲ್ಲಿಟ್ಟು ಬೆಳಕಿಗೆ ಒಡ್ಡಿ, ಹಸಿ ಆರುವುದರೊಳಗೇ ಚಿತ್ರವನ್ನು ಮೂಡಿಸಿ ತೊಳೆಯಬೇಕಾಗಿತ್ತು. ಆದುದರಿಂದ ಚಿತ್ರ ತೆಗೆಯುವಲ್ಲೆಲ್ಲ ಕತ್ತಲೆಯ ಡೇರೆ ಏಳಬೇಕು. ಗಾಜು, ರಸಾಯನಗಳು, ತೊಟ್ಟಿಗಳು, ನೀರು ಎಲ್ಲವೂ ಕೈಗೆ ಸಿಕ್ಕುವಂತಿರಬೇಕು. ಇವೆಲ್ಲ ಬೆಟ್ಟ ಹತ್ತಿದುದು ಆಳುಗಳ ಬೆನ್ನಿನ ಮೇಲೆ. ದೊರೆಯ ಬ್ರಾಂದಿಯ ಸೀಸೆಗಳಿಗೂ ಬೇರೆ ವಾಹನವಿರಲಿಲ್ಲ. 1866ರಲ್ಲಿ ಮಣಿರಂಗ್ ಕಣಿವೆಯ ನೆತ್ತಿಯಲ್ಲಿ, ಬೋರ್ನನ ಲೆಕ್ಕದಂತೆ 18,600 ಅಡಿಗಳ ಎತ್ತರದಲ್ಲಿ, ತೆಗೆದ ಚಿತ್ರಗಳು ಬಹುಕಾಲ ಎತ್ತರದ ದಾಖಲೆಯಾಗಿ ಉಳಿದುವು. ದಾಖಲೆ ಬೋರ್ನನ ಹೆಸರಿನಲ್ಲಿದೆ. ಗಾಜಿನ ಪೆಟ್ಟಿಗೆಯನ್ನು ಒಡೆಯದಂತೆ ಅಲ್ಲಿಗೆ ಮುಟ್ಟಿಸಿದವನ ಹೆಸರನ್ನು ಜಗತ್ತು ಕೇಳಲಿಲ್ಲ.

ಬೋರ್ನನು ತನ್ನ ಪ್ರವಾಸಗಳ ವೃತ್ತಾಂತವನ್ನು ‘ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ’ ಎಂಬ ಪತ್ರಿಕೆಗೆ ಬರೆದು ಕಳುಹಿಸಿದನು. ಅಲ್ಲಿ ಆಳುಗಳು ಕಾಣಿಸಿಕೊಳ್ಳುತ್ತಾರೆ, ಹೊರೆ ಬಿಟ್ಟು ಓಡಿಹೋಗುವ ಪೀಡೆಗಳಾಗಿ. ಓಡಿದವರನ್ನು ದೊಣ್ಣೆ ಹಿಡಿದು ಹುಡುಕಹೋದುದನ್ನು ಅವನು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಅವರೇಕೆ ಓಡಿದರೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಆಗಿನ ಬೆಟ್ಟದ ಸೀಮೆಗಳಲ್ಲಿ ಅಧಿಕಾರಿಗಳ ಮತ್ತು ದೊರೆಗಳ ಸಾಮಾನನ್ನು ಊರಿಂದೂರಿಗೆ ಮುಟ್ಟಿಸುವ ಭಾರವು ಗ್ರಾಮಸ್ಥರ ತಲೆಯ ಮೇಲಿತ್ತು. ‘ಬೇಗಾರ್’ ಎಂದು ಅದರ ಹೆಸರು. ಕನ್ನಡದ ರೈತನು ಬಿಟ್ಟಿಯೆಂದು ಕರೆದು ಶಪಿಸಿದುದೂ ಇದನ್ನೇ. ಪೈರು ಕೊಯ್ಲಿಗೆ ಬಂದಿರಲಿ, ಮನೆಯಲ್ಲಿ ಕಾಯಿಲೆಯಿರಲಿ, ಕರೆ ಬಂದರೆ ಹೊರಡಬೇಕು. ನಾಲ್ಕು ಕಾಸು ಕೈಗೆ ಬಂದರೂ ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. 1921ರ ಉತ್ತರಾಯಣ ಪುಣ್ಯಕಾಲದಲ್ಲಿ ಕುಮಾಊಂ ಸೀಮೆಯ ಬಾಗೇಶ್ವರದ ಜಾತ್ರೆಗೆ ನೆರೆದ ಜನರು, ಬದರೀದತ್ತ ಪಾಂಡೆ ಮೊದಲಾದವರ ಮುಂದಾಳುತನದಲ್ಲಿ, ಕೂಲಿಗಳ ಪಟ್ಟಿಯ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಹಿಂದಿನ ದೊರೆಗಳು ಸೋಮಾರಿತನವೆಂದು ಬರೆದಿಟ್ಟುದರ ನಿಜವಾದ ಅರ್ಥವು ಅಂದು ತಿಳಿಯಿತು.

ಕಲೆಯ ಪಕ್ಷವನ್ನು ವಹಿಸುವವರು ಇಲ್ಲಿ ಒಂದು ಮಾತನ್ನು ಎತ್ತುತ್ತಾರೆ: ಚಿತ್ರವೆಂಬುದು ಹಾಜರಿಪಟ್ಟಿಯಲ್ಲ, ಗಿರಿಯ ಗಾಂಭೀರ್ಯಕ್ಕೆ ಮನುಷ್ಯಾಕೃತಿಯಿಂದ ಭಂಗ ಬರುತ್ತದೆ ಎಂದು. ಬೋರ್ನನಿಗೇ ಶಿಖರದ ಗಾತ್ರವನ್ನು ತೋರಿಸಬೇಕಾದಾಗ ಮನುಷ್ಯನನ್ನು ಚುಕ್ಕೆಯಷ್ಟಾಗಿ ನಿಲ್ಲಿಸಲು ಅಡ್ಡಿಯಿರಲಿಲ್ಲ. ಅಳತೆಗೋಲಾಗಿ ಬಂದವನಿಂದ ಬಾರದ ಭಂಗವು ಮನುಷ್ಯನಾಗಿ ಬಂದರೆ ಮಾತ್ರ ಹೇಗೆ ಬಂದೀತು? ಗಿರಿಚಿತ್ರಗಳಲ್ಲೆಲ್ಲ ಲೋಕವು ಹೆಚ್ಚಾಗಿ ಕಂಡದ್ದು 1953ರ ಮೇ 29ರಂದು ಎವರೆಸ್ಟಿನ ತುದಿಯಲ್ಲಿ ತೆಗೆದುದು. ಅದರಲ್ಲಿ ಇರುವಾತನು ತೇನ್‌ಸಿಂಗ್. 1935ರಲ್ಲಿ ಹೊರೆಯಾಳಾಗಿ ಆ ಪರ್ವತಕ್ಕೆ ಮೊದಲು ಹೋದವನು. ಕ್ಯಾಮರಾ ಹಿಡಿದವನು ಹಿಲರಿ. ತುದಿಯಲ್ಲಿ ಹಿಲರಿಯ ಚಿತ್ರವೇ ಇಲ್ಲ. ಇದರಿಂದ ಎವರೆಸ್ಟಿನ ಎತ್ತರ ಒಂದು ಅಂಗುಲವೂ ತಗ್ಗಲಿಲ್ಲ.

ಇನ್ನೊಂದು ವಾದವು ಇದಕ್ಕಿಂತ ಬಲವಾದುದು. ನಿರ್ಜನ ಗಿರಿಗಳ ಚಿತ್ರಗಳಿಂದಲೇ ಗಿರಿಗಳು ಉಳಿದುವೆಂದು ಹೇಳುವುದುಂಟು. ಅಮೆರಿಕದ ಆನ್ಸೆಲ್ ಆಡಮ್ಸನನ್ನು ನಿದರ್ಶನವಾಗಿ ಕೊಡುತ್ತಾರೆ. ಸಿಯೆರಾ ನೆವಾಡಾ ಪರ್ವತಗಳನ್ನು ಕುರಿತ ಅವನ ಚಿತ್ರಗ್ರಂಥವು 1938ರಲ್ಲಿ ಹೊರಬಂದು ಅಧ್ಯಕ್ಷ ರೂಸ್‌ವೆಲ್ಟನವರೆಗೂ ಮುಟ್ಟಿತು. 1940ರಲ್ಲಿ ಕಿಂಗ್ಸ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಆಡಮ್ಸನ ಕೀರ್ತಿಗೆ ಮೂಲವಾದ ಯೊಸೆಮಿಟಿ ಕಣಿವೆ ತಾನಾಗಿ ನಿರ್ಜನವಾದುದಲ್ಲ. 1851ರಲ್ಲಿ ಸೈನಿಕರ ತುಕಡಿಯೊಂದು ಒಳನುಗ್ಗಿ, ಅಲ್ಲಿನ ಅವಾನೀಚಿ ಜನರ ಆಹಾರದ ಸಂಗ್ರಹಗಳನ್ನು ಸುಟ್ಟು ಅವರನ್ನು ಹೊರದೂಡಿತು. ನೋಡಿದವರು ಮರುಳಾಗುತ್ತಿದ್ದ ಆ ಹುಲ್ಲುಗಾವಲುಗಳು ಅದೇ ಜನರು ಕಾಲಕಾಲಕ್ಕೆ ಕಿಚ್ಚು ಹಚ್ಚಿ ಬಯಲಾಗಿ ಉಳಿಸಿಕೊಂಡು ಬಂದುವು. 1964ರ ಅಮೆರಿಕದ ಶಾಸನವು ಮನುಷ್ಯನು ಬಂದುಹೋಗುವ ಅತಿಥಿಯಾಗಿ ಮಾತ್ರ ಇರತಕ್ಕ ನೆಲವನ್ನೇ ವನ್ಯಪ್ರದೇಶವೆಂದು ನಿರ್ವಚಿಸಿತು. ಮನೆಯೊಡೆಯನನ್ನು ಹೊರಹಾಕಿದ ಮೇಲೆ ಎಲ್ಲರೂ ಅತಿಥಿಗಳೇ ಸರಿ! ಗಿರಿ ಉಳಿಯಬೇಕು, ನಿಜ; ಅದಕ್ಕಾಗಿ ಅಲ್ಲಿ ಯಾರೂ ಇರಲೇ ಇಲ್ಲವೆಂಬ ಸುಳ್ಳು ಏಕೆ ಬೇಕು?

ಕಾಣದವನಿಗೆ ಆಪತ್ತು ಬಂದಾಗಲೂ ಅವನು ಕಾಣುವುದಿಲ್ಲ. 2023ರ ಜುಲೈ 27ರಂದು ಕೆ-2 ಶಿಖರದ ಇಕ್ಕಟ್ಟಾದ ದಾರಿಯಲ್ಲಿ ಪಾಕಿಸ್ತಾನದ ಹೊರೆಯಾಳೊಬ್ಬನು ಜಾರಿಬಿದ್ದು ಮರಣಹೊಂದಿದನು. ಒಬ್ಬನು ಅವನ ಆರೈಕೆಯಲ್ಲಿದ್ದಂತೆಯೇ ಉಳಿದ ಆರೋಹಿಗಳು ಸಾಲಾಗಿ ಅವನನ್ನು ದಾಟಿ ಶಿಖರದ ಕಡೆಗೆ ನಡೆದರು. ಲೋಕಕ್ಕೆ ಇದು ತಿಳಿದುದು ಡ್ರೋನ್ ಎಂಬ ಹಾರುಯಂತ್ರದ ಕ್ಯಾಮರಾದಿಂದ. ಆ ದಿನ ಶಿಖರದಲ್ಲಿ ತೆಗೆದ ವಿಜಯಚಿತ್ರಗಳನ್ನು ಮಾತ್ರ ನಂಬಿದ್ದರೆ ಅವನ ಸುದ್ದಿಯೇ ಹೊರಬೀಳುತ್ತಿರಲಿಲ್ಲ.

ಈಗಿನ ಫೋನಿಗೆ ಕತ್ತಲೆಯ ಡೇರೆ ಬೇಡ, ಗಾಜು ಬೇಡ. ಒಂದು ಚಿತ್ರವನ್ನು ಹೆಚ್ಚಾಗಿ ತೆಗೆದರೆ ಕಾಸಿನ ಖರ್ಚೂ ಇಲ್ಲ. ಹೊರೆ ಹೊತ್ತವರು ಒಪ್ಪಿದರೆ ಅವರನ್ನೂ ಶಿಖರದ ಮುಂದೆ ನಿಲ್ಲಿಸಿ ಚಿತ್ರ ತೆಗೆಯಬಹುದು. ಒಪ್ಪದಿದ್ದರೆ ಶಿಖರದ ಚಿತ್ರದ ಕೆಳಗೆ ಎತ್ತರದ ಅಂಕಿಯನ್ನು ಬರೆಯುವಲ್ಲಿ ಅವರ ಹೆಸರನ್ನೂ ಊರನ್ನೂ ಕೇಳಿ ಬರೆಯಬಹುದು. ಒಂದು ಪ್ರತಿಯನ್ನು ಅಚ್ಚುಹಾಕಿಸಿ ಅವರ ಊರಿಗೆ ಕಳುಹಿಸಿದರೆ, ಅಂಚೆಯ ಖರ್ಚು ಚಾರಣದ ಖರ್ಚಿನಲ್ಲಿ ಲೆಕ್ಕಕ್ಕೆ ಬಾರದು.