ವ್ಯಾಕರಣದ ಗೈಡುಗಳೂ ನಮ್ಮ ಮಕ್ಕಳೂ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಿಂದ ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಗೆ ಹೋಗಿಬರಲು ಒಂದು ದಿನ ಧಾರಾಳವಾಗಿ ಸಾಕು. ಆದರೂ ನಮ್ಮ ಹಳ್ಳಿಗಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಶಾಲೆ ಬಹು ದೂರ. ನಡುವೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇದೆ; ಅದರಲ್ಲಿ ಇಂಗ್ಲಿಷ್ ವಿಭಾಗವಿದೆ.

ಮಗಳು ಪಿಯುಸಿ ಓದುತ್ತಿರುವ ತಂದೆಯೊಬ್ಬರು ರೇಷ್ಮೆಗೂಡು ಮಾರಿ ಬಂದ ಹಣದಲ್ಲಿ ಮೂರು ವ್ಯಾಕರಣದ ಗೈಡುಗಳನ್ನು ತಂದುದನ್ನು ಈಚೆಗೆ ಕಂಡೆವು. ತೆರೆದು ನೋಡಿದರೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳೇ ನೂರಾರು. ಆದರೆ 2020ರಿಂದ ಕ್ಲ್ಯಾಟ್‌ನ ಸ್ವರೂಪ ಬದಲಾಗಿದೆ. ಸುಮಾರು 450 ಪದಗಳ ಗದ್ಯಭಾಗ ಕೊಟ್ಟು ಲೇಖಕನ ಮುಖ್ಯ ವಿಚಾರವೇನು, ಈ ಪದಕ್ಕೆ ಇಲ್ಲಿ ಅರ್ಥವೇನು ಎಂದು ಕೇಳುತ್ತಾರೆ. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು; ನಾಲ್ಕು ತಪ್ಪು ಉತ್ತರಗಳಿಗೆ ಒಂದು ಅಂಕ ಕಡಿತ. ನಿಯಮ ಬಾಯಿಪಾಠ ಮಾಡಿದ ಮಗು ಇಲ್ಲಿ ತಡವರಿಸುವುದು ಸಹಜ.

ಹಾಗೆಂದು ವ್ಯಾಕರಣವೇ ಬೇಡವೆಂದು ನಾವು ಹೇಳುತ್ತಿಲ್ಲ. ನಮ್ಮ ಮಕ್ಕಳು ಎಡವುವುದೆಲ್ಲಿ ಎಂದು ಆ ಗೈಡುಗಳಿಗೆ ತಿಳಿಯದು, ಅಷ್ಟೇ. ಕನ್ನಡದಲ್ಲಿ 'ದಿ' ಎಂಬುದಕ್ಕೆ ಸಮನಾದ ಪದವಿಲ್ಲ. ಆದ್ದರಿಂದ ಮಗು ಅದನ್ನು ಬಿಡುತ್ತದೆ, ಇಲ್ಲವೇ ಎಲ್ಲೆಡೆ ಹಾಕುತ್ತದೆ. 'ಕುರಿತು ಚರ್ಚಿಸು' ಎನ್ನುವ ನಾಲಗೆ 'ಡಿಸ್ಕಸ್ ಅಬೌಟ್' ಎನ್ನುತ್ತದೆ. 'ನಿನ್ನೆ ನೋಡಿದ್ದೇನೆ' ಎಂಬುದು ನಮ್ಮಲ್ಲಿ ಸಲ್ಲುತ್ತದೆ; ಇಂಗ್ಲಿಷಿನಲ್ಲಿ ನಿನ್ನೆಯ ಜೊತೆಗೆ 'ಹ್ಯಾವ್ ಸೀನ್' ಸಲ್ಲದು. ಇನ್ನು 'ಬಾಯ್ ರನ್ಸ್, ಬಾಯ್ಸ್ ರನ್' ಎಂಬ ವಿಚಿತ್ರ! ನಾಮಪದಕ್ಕೆ ಬಹುವಚನ ತರುವ 'ಸ್' ಕ್ರಿಯಾಪದದಲ್ಲಿ ಏಕವಚನಕ್ಕೆ ಅಂಟುತ್ತದೆ. ಹುಡುಗ ಓಡುತ್ತಾನೆ, ಹುಡುಗರು ಓಡುತ್ತಾರೆ ಎಂಬುದರ ಪಕ್ಕದಲ್ಲಿಟ್ಟು ತೋರಿಸಿದರೆ ಮಗು ನಕ್ಕು ನೆನಪಿಟ್ಟುಕೊಳ್ಳುತ್ತದೆ. ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಜೊತೆಗೆ ಕುಳಿತು ಕಲಿಸಬೇಕಾದ ಪಾಠವಿದು.

ಭಾಷೆಯನ್ನು ಹೋಲಿಕೆಯಿಂದ ಕಲಿಯುವುದು ನಮಗೆ ಹೊಸತಲ್ಲ. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ಕೊಂಕಣಿಗೆ ಪೋರ್ಚುಗೀಸ್ ಭಾಷೆಯಲ್ಲಿ ವ್ಯಾಕರಣ ಬರೆದರು. ಅವರು ತೀರಿಕೊಂಡ ಬಳಿಕ, 1640ರಲ್ಲಿ, ಅದು ರಾಚೋಲಿನಲ್ಲಿ ಅಚ್ಚಾಯಿತು. ಅವರ ಕೈಯಲ್ಲಿ ಯಾವ ಗೈಡೂ ಇರಲಿಲ್ಲ. ಜನರ ಮಾತಿಗೆ ಕಿವಿಗೊಟ್ಟರು.

ಧರ್ಮಕೇಂದ್ರಗಳ ಸಭಾಂಗಣಗಳು ವಾರದ ಬಹುಪಾಲು ದಿನ ಬೀಗ ಹಾಕಿಕೊಂಡಿರುತ್ತವೆ. ಸಂಜೆ ಒಂದು ಗಂಟೆ ಅಲ್ಲಿ ದೀಪ ಹಚ್ಚಿ, ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ತಾತ್ಪರ್ಯವನ್ನು ಕನ್ನಡದಲ್ಲಿ ಹೇಳಿಸಿದರೆ ಆಗದೇ? ನಿವೃತ್ತ ಅಧ್ಯಾಪಕರು ಯಾವ ಊರಿನಲ್ಲಿಲ್ಲ?

ಆ ತಂದೆಯವರಿಗೆ ನಾವು ಹೇಳಿದುದಿಷ್ಟು: ಒಂದು ಗೈಡು ಇರಲಿ, ಉಳಿದೆರಡನ್ನು ಅಂಗಡಿಯವರು ಹಿಂದಕ್ಕೆ ಪಡೆಯುವರೇ ಕೇಳಿ ನೋಡಿ, ಆ ಹಣಕ್ಕೆ ಕೆಲವು ತಿಂಗಳ ಪತ್ರಿಕೆ ಬರುತ್ತದೆ.